‘ಜೂನ್‌ನಲ್ಲಿ ಬನ್ನಿ’ ಎಂದರೆ ಏನು ಮಾಡಬೇಕು?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಾನು ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನ ಒಂದು ತಾಂಡಾದವನು. ಸಣ್ಣ ಕಿರಾಣಿ ಅಂಗಡಿ ಇದೆ. ನನ್ನ ಅಕ್ಕ, ಭಾವ ಕಟ್ಟಡ ಕೆಲಸಕ್ಕೆ ಪುಣೆಗೆ ಗುಳೆ ಹೋಗುತ್ತಾರೆ. ಅವರ ಮಗಳಿಗೆ ಈಗ ಹನ್ನೆರಡು ವರ್ಷ. ತಾಂಡಾದ ಶಾಲೆಯಲ್ಲಿ ಎರಡನೇ ತರಗತಿವರೆಗೆ ಓದಿದ್ದಳು. ಆಮೇಲೆ ನಾಲ್ಕು ವರ್ಷ ತಾಯಿ ತಂದೆಯ ಜೊತೆ ಪುಣೆಯಲ್ಲೇ ಇದ್ದಳು. ದೀಪಾವಳಿಗೆ ಬಂದವಳನ್ನು ನಾನೇ ಉಳಿಸಿಕೊಂಡಿದ್ದೇನೆ. ಎರಡು ಕಿಲೋಮೀಟರ್ ದೂರದ ಊರಿನ ಹಿರಿಯ ಪ್ರಾಥಮಿಕ ಶಾಲೆಗೆ ಕರೆದುಕೊಂಡು ಹೋದೆ. ಮುಖ್ಯ ಗುರುಗಳು, ‘ಟಿಸಿ ಎಲ್ಲಿ? ಆಧಾರ್ ಇಲ್ಲ, ಜನನ ಪ್ರಮಾಣಪತ್ರವೂ ಇಲ್ಲ. ವರ್ಷದ ನಡುವೆ ಸೇರಿಸಿಕೊಳ್ಳಲು ಬರುವುದಿಲ್ಲ, ಜೂನ್‌ನಲ್ಲಿ ಬನ್ನಿ. ಆಗಲೂ ಮೂರನೇ ತರಗತಿಗೇ ಕೂರಿಸಬೇಕಾಗುತ್ತದೆ’ ಎಂದರು. ಶಿಕ್ಷಣ ಜಗತ್ತಿನ ಎಲ್ಲ ಮಕ್ಕಳ ಮಾನವ ಹಕ್ಕು ಎಂದು ಪತ್ರಿಕೆಯಲ್ಲಿ ಓದುತ್ತಿರುತ್ತೇನೆ. ಈ ಹಕ್ಕು ಯಾವ ಊರಿನಲ್ಲಿದೆ? ನಮ್ಮಂಥವರಿಗೆ ಸಿಗುವಂಥದ್ದೇ, ಭಾಷಣಕ್ಕೆ ಮಾತ್ರವೇ?

ಉತ್ತರ: ಮೊದಲು ಹುಡುಗಿ ಶಾಲೆಗೆ ಸೇರಲಿ, ಜಗತ್ತಿನ ಮಾತು ಆಮೇಲೆ ಆಡೋಣ. ಮುಖ್ಯ ಗುರುಗಳು ಹೇಳಿದ ನಾಲ್ಕು ಕಾರಣಗಳಲ್ಲಿ ಒಂದೂ ಕಾನೂನಿನ ಮುಂದೆ ನಿಲ್ಲುವುದಿಲ್ಲ. 2009ರಲ್ಲಿ ಬಂದು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆಯನ್ನು ಓದಿದರೆ, ಬರೆದವರು ಇಂಥ ಒಂದು ಶಾಲೆಯ ಬಾಗಿಲಲ್ಲಿ ಅರ್ಧ ದಿನ ನಿಂತು ಬಂದಿದ್ದರೇನೋ ಎನ್ನಿಸುತ್ತದೆ.

ಟಿಸಿಯ ವಿಷಯ ಐದನೇ ಕಲಂನಲ್ಲಿದೆ. ಹಳೆಯ ಶಾಲೆಯ ಮುಖ್ಯಸ್ಥರು ಕೇಳಿದ ಕೂಡಲೇ ವರ್ಗಾವಣೆ ಪತ್ರ ಕೊಡಬೇಕು. ಅದು ತಡವಾಯಿತೆಂದು ಹೊಸ ಶಾಲೆಯವರು ದಾಖಲಾತಿಯನ್ನು ತಡೆಯುವಂತಿಲ್ಲ. ತಡ ಮಾಡಿದ ಮುಖ್ಯಸ್ಥರ ಮೇಲೆ ಶಿಸ್ತುಕ್ರಮ ಎಂದೂ ಅಲ್ಲೇ ಬರೆದಿದೆ. ನಿಮ್ಮ ವಿಷಯದಲ್ಲಂತೂ ಹಳೆಯ ಶಾಲೆ ಪುಣೆಯಲ್ಲಿಲ್ಲ, ನಿಮ್ಮ ಅಂಗಡಿಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿದೆ. ನಾಳೆಯೇ ಹೋಗಿ ಟಿಸಿಯ ಜೊತೆಗೆ ಅವಳ ಎಸ್‌ಎಟಿಎಸ್ ಸಂಖ್ಯೆಯನ್ನೂ (ಇಲಾಖೆಯ ಗಣಕದಲ್ಲಿರುವ ವಿದ್ಯಾರ್ಥಿಯ ಗುರುತಿನ ಸಂಖ್ಯೆ) ಕೇಳಿ.

ವಯಸ್ಸಿನ ಪುರಾವೆ ಇಲ್ಲವೆಂದು ಯಾವ ಮಗುವನ್ನೂ ಹಿಂದೆ ಕಳುಹಿಸಬಾರದು ಎಂಬುದು ಹದಿನಾಲ್ಕನೇ ಕಲಂ. ಜನನ ಪ್ರಮಾಣಪತ್ರ ಇಲ್ಲದಿದ್ದರೆ ಅಂಗನವಾಡಿಯ ದಾಖಲೆ, ದಾದಿಯ ರಿಜಿಸ್ಟರ್, ಅದೂ ಇಲ್ಲದಿದ್ದರೆ ತಾಯಿ ತಂದೆ ಅಥವಾ ಪೋಷಕರ ಹೇಳಿಕೆ ಸಾಕು ಎನ್ನುತ್ತವೆ ಕೇಂದ್ರದ ಮಾದರಿ ನಿಯಮಗಳು. ಆಧಾರ್ ಇಲ್ಲವೆಂದು ಶಾಲೆಯ ದಾಖಲಾತಿ ನಿಲ್ಲಿಸಬಾರದೆಂದು ಸುಪ್ರೀಂ ಕೋರ್ಟ್ 2018ರ ಆಧಾರ್ ತೀರ್ಪಿನಲ್ಲಿ ಹೇಳಿದೆ. ಕಾರ್ಡ್ ಮಾಡಿಸಿ, ಬೇರೆ ಕೆಲಸಗಳಿಗೆ ಬೇಕಾಗುತ್ತದೆ. ಅದಕ್ಕಾಗಿ ಹುಡುಗಿಯನ್ನು ಮನೆಯಲ್ಲಿ ಕೂರಿಸಬೇಡಿ.

ವರ್ಷದ ನಡುವೆ ಬಂದ ಮಗುವನ್ನೂ ಸೇರಿಸಿಕೊಳ್ಳಲೇಬೇಕು; ಇದು ಹದಿನೈದನೇ ಕಲಂ. ‘ಜೂನ್’ ಎಂಬ ಮಾತು ಶಾಲೆಯ ಕೋಣೆಯಲ್ಲಿ ಬಹಳ ಸಣ್ಣದಾಗಿ ಕೇಳಿಸುತ್ತದೆ. ತಾಂಡಾದಲ್ಲಿ ಅದರ ಅರ್ಥವೇ ಬೇರೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಈಗ ಹತ್ತಿ ಬಿಡಿಸುವ ಕಾಲ. ಅದು ಮುಗಿಯುವಷ್ಟರಲ್ಲಿ ತೊಗರಿ ರಾಶಿ. ಅಷ್ಟರೊಳಗೆ ಕೂಲಿಯಾಳುಗಳನ್ನು ಕರೆದೊಯ್ಯುವ ಪುಣೆಯ ಮುಕಾದಮ ಮುಂಗಡ ಹಿಡಿದು ಬಂದಿರುತ್ತಾನೆ. ಹನ್ನೆರಡು ವರ್ಷದ, ಕೈಗೆ ಕೆಲಸ ಬಂದ ಹುಡುಗಿ ಜೂನ್‌ವರೆಗೆ ಮನೆಯಲ್ಲಿ ಸುಮ್ಮನೆ ಕೂತಿರುವುದನ್ನು ನನ್ನ ಮೂವತ್ತು ವರ್ಷಗಳ ವಕೀಲಿಯಲ್ಲಿ ನಾನು ನೋಡಿಲ್ಲ.

ಇಲ್ಲಿ ಒಂದು ಘಟನೆ ಹೇಳಬೇಕು. ಹಲವು ವರ್ಷಗಳ ಹಿಂದೆ ಇಂಥದೇ ಹುಡುಗನೊಬ್ಬನನ್ನು ಕರೆದುಕೊಂಡು ಒಂದು ಶಾಲೆಗೆ ಹೋಗಿದ್ದೆ. ಅಲ್ಲಿನ ಮುಖ್ಯ ಗುರುಗಳು ಕೆಟ್ಟವರಲ್ಲ, ದಣಿದವರು. ನಾನು ಕಲಂಗಳನ್ನು ಓದಿ ಹೇಳಿದೆ, ಅವರು ಸುತ್ತೋಲೆಗಳನ್ನು ಓದಿ ಹೇಳಿದರು. ಗಂಟೆ ಹೊಡೆದರೂ ನಮ್ಮ ವಾದ ಮುಗಿಯಲಿಲ್ಲ. ಕೊನೆಗೆ ನಾನು, ‘ಆಗಲಿ ಗುರುಗಳೇ, ಸೇರಿಸಿಕೊಳ್ಳುವುದಿಲ್ಲ ಎಂದು ಕಾರಣ ಸಹಿತ ಬರೆದು, ಸಹಿ ಮಾಡಿ, ಮುದ್ರೆ ಹಾಕಿ ಕೊಡಿ, ಹೋಗುತ್ತೇವೆ’ ಎಂದೆ. ಅವರು ಪೆನ್ನಿನ ಮುಚ್ಚಳ ತೆಗೆದರು, ಕಾಗದ ನೋಡಿದರು, ಮತ್ತೆ ಮುಚ್ಚಳ ಹಾಕಿದರು. ಆಮೇಲೆ ಸಹಾಯಕನನ್ನು ಕರೆದು ದಾಖಲಾತಿ ಪುಸ್ತಕ ತರಿಸಿದರು. ಬಾಯಿಯಲ್ಲಿ ಹೇಳಿದ ‘ಇಲ್ಲ’ ಸುಲಭ, ಕಾಗದದ ಮೇಲೆ ಬರೆಯಬೇಕಾದ ‘ಇಲ್ಲ’ ಕಷ್ಟ. ನೀವೂ ಇದನ್ನೇ ಮಾಡಿ. ಜಗಳ ಬೇಡ, ಕೂಗಾಟ ಬೇಡ. ಅರ್ಜಿ ಬರೆದು ಕೊಟ್ಟು, ಎರಡನೇ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಕೇಳಿ.

ಮುಖ್ಯ ಗುರುಗಳ ಕಷ್ಟವನ್ನೂ ಸ್ವಲ್ಪ ನೋಡಿ. ಈಗ ಸೇರಿಸಿಕೊಂಡ ಮಗು ಜನವರಿಯಲ್ಲಿ ಮತ್ತೆ ಪುಣೆಗೆ ಹೋದರೆ, ಶಾಲೆ ಬಿಟ್ಟವರ ಪಟ್ಟಿಯಲ್ಲಿ ಒಂದು ಹೆಸರು ಹೆಚ್ಚಾಗುತ್ತದೆ, ಮೇಲಿನವರು ವಿವರಣೆ ಕೇಳುವುದು ಅವರನ್ನು. ಸೇರಿಸಿಕೊಳ್ಳದಿದ್ದರೆ ಯಾರೂ ಕೇಳುವುದಿಲ್ಲ. ಅವರು ನಿಮ್ಮ ಶತ್ರುವಲ್ಲ. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ, ಸಾಲ ತೀರಿಸಬೇಕಾದವನ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮೇಲೆ ಕೂತ ನೌಕರ.

ಸಾಲ ಎಂಬ ಮಾತನ್ನು ಬೇಕೆಂದೇ ಬಳಸಿದೆ. ಹಕ್ಕು ಯಾವ ಊರಿನಲ್ಲಿದೆ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅದರಲ್ಲಿಯೇ.

ನಮ್ಮ ಭಾಗದಲ್ಲಿ ವಿದ್ಯೆಯನ್ನು ದಾನವೆಂದು ಕಾಣುವ ಅಭ್ಯಾಸ ಬಹಳ ಹಳೆಯದು. ಬೀದರ್ ಹಳೇ ಪೇಟೆಯಲ್ಲಿ ಅರ್ಧ ಕುಸಿದು ನಿಂತ ಮದರಸಾವನ್ನು ನೋಡಿರುತ್ತೀರಿ. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ್ದು, ದೊಡ್ಡ ಗ್ರಂಥಭಂಡಾರವಿದ್ದ ವಿದ್ಯಾಲಯ. ಅಲ್ಲಿ ಓದಿದವನು ಗವಾನನ ಔದಾರ್ಯವನ್ನು ಹೊಗಳಬಹುದಿತ್ತು, ಜಾಗ ಸಿಗದವನು ಅವನ ಮೇಲೆ ದೂರು ಕೊಡಲು ಬರುತ್ತಿರಲಿಲ್ಲ. ಆಮೇಲೆ ಬಂದ ಮಠಗಳ ಉಚಿತ ಪ್ರಸಾದ ನಿಲಯಗಳೂ ಹಾಗೆಯೇ. ಅವುಗಳಲ್ಲಿ ಉಂಡು ಓದಿ ಮೇಲೆ ಬಂದವರು ಈ ಜಿಲ್ಲೆಗಳಲ್ಲಿ ಸಾವಿರಾರು ಜನ ಇದ್ದಾರೆ, ನಾನೂ ಒಬ್ಬ. ಆ ಋಣ ದೊಡ್ಡದು. ಅದರ ಒಂದು ಅಡ್ಡ ಪರಿಣಾಮವೆಂದರೆ, ಸರ್ಕಾರಿ ಶಾಲೆಯ ಬಾಗಿಲಿಗೂ ನಾವು ಕೈಮುಗಿದುಕೊಂಡೇ ಹೋಗುತ್ತೇವೆ. ಸುಪ್ರೀಂ ಕೋರ್ಟ್ 2001ರಲ್ಲಿ ಆದೇಶ ಮಾಡಿದ್ದರಿಂದ ಶಾಲೆಗಳಲ್ಲಿ ಬಿಸಿಯೂಟ ಕೊಡುವುದು ಸರ್ಕಾರಗಳಿಗೆ ಕಡ್ಡಾಯವಾಯಿತು. ಕರ್ನಾಟಕದಲ್ಲಿ ಮರುವರ್ಷ ಅದು ಮೊದಲು ಆರಂಭವಾದದ್ದು ಕಲಬುರಗಿ, ಬೀದರ್ ಸೇರಿದಂತೆ ಉತ್ತರದ ಜಿಲ್ಲೆಗಳಲ್ಲಿ. ಕೋರ್ಟು ಮಾಡಿಸಿದ ಆ ಪಾವತಿಗೆ ಇಟ್ಟ ಹೆಸರು ಅಕ್ಷರ ದಾಸೋಹ! ಹೆಸರು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ತಟ್ಟೆ ಹಿಡಿದ ಮಗು ಅಲ್ಲಿ ಭಕ್ತನೂ ಅಲ್ಲ, ಬೇಡಲು ಬಂದವನೂ ಅಲ್ಲ.

ಹಕ್ಕು ಎಂದರೆ ನಿಮ್ಮ ಉದ್ದರಿ ಪುಸ್ತಕದ ಒಂದು ಪುಟ. ಕೊಡಬೇಕಾದವನ ಹೆಸರು ಅದರಲ್ಲಿ ಇದ್ದರೆ ಮಾತ್ರ ಆ ಪುಟಕ್ಕೆ ಬೆಲೆ. ಜಗತ್ತಿನಲ್ಲಿ ಶಿಕ್ಷಣದ ಹಕ್ಕಿನ ಕಥೆಯೆಂದರೆ, ಆ ಹೆಸರನ್ನು ಬರೆಸಲು ಹಿಡಿದ ಕಾಲದ ಕಥೆ.

ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ಆಳ್ವಿಕೆ ಮುಗಿದದ್ದು 1948ರ ಸೆಪ್ಟೆಂಬರ್ 17ರಂದು. ಮೂರು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 10ರಂದು, ಪ್ಯಾರಿಸ್‌ನಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಒಪ್ಪಿಕೊಂಡಿತು. ಅದರ 26ನೇ ವಿಧಿ, ಪ್ರತಿಯೊಬ್ಬರಿಗೂ ಶಿಕ್ಷಣದ ಹಕ್ಕಿದೆ, ಪ್ರಾಥಮಿಕ ಹಂತ ಉಚಿತವೂ ಕಡ್ಡಾಯವೂ ಆಗಿರಬೇಕು ಎಂದಿತು. ಆ ಘೋಷಣೆಯನ್ನು ರೂಪಿಸಿದ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದಲ್ಲಿದ್ದ ನಮ್ಮ ಹಂಸಾ ಮೆಹ್ತಾ, ಮೊದಲ ವಿಧಿಯಲ್ಲಿ ‘ಎಲ್ಲ ಪುರುಷರು’ ಎಂದಿದ್ದದ್ದನ್ನು ‘ಎಲ್ಲ ಮಾನವರು’ ಎಂದು ತಿದ್ದಿಸಿದರು. ನಿಮ್ಮ ಅಕ್ಕನ ಮಗಳು ಆ ಘೋಷಣೆಯೊಳಗೆ ಬಂದದ್ದು ಆ ತಿದ್ದುಪಡಿಯ ಬಾಗಿಲಿನಿಂದ ಎಂದು ನಾನು ಆಗಾಗ ಅಂದುಕೊಳ್ಳುತ್ತೇನೆ. ಆದರೆ ಘೋಷಣೆ ಬರಿಯ ಮಾತು, ಕರಾರುಪತ್ರವಲ್ಲ. ಸಹಿ ಹಾಕಿದವರನ್ನು ಕಟ್ಟಿಹಾಕುವ ಒಡಂಬಡಿಕೆ ಬಂದದ್ದು 1966ರಲ್ಲಿ, ಭಾರತ ಅದನ್ನು ಒಪ್ಪಿದ್ದು 1979ರಲ್ಲಿ. ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರದ್ದು, ನಾವು ಸೇರಿದ್ದು 1992ರಲ್ಲಿ.

ಹಕ್ಕು ನಿಜವಾಗಿ ಇದೆಯೇ ಎಂದು ನೋಡಲು ವಿಶ್ವಸಂಸ್ಥೆಯ ಸಮಿತಿಯೊಂದು 1999ರಲ್ಲಿ ನಾಲ್ಕು ಪರೀಕ್ಷೆಗಳನ್ನು ಹೇಳಿತು. ಅವುಗಳ ಹೆಸರು ಭಾರವಾಗಿವೆ, ತಿರುಳು ಸರಳ: ಶಾಲೆ ಇದೆಯೇ? ಒಳಗೆ ಹೋಗಲು ಬರುತ್ತದೆಯೇ? ಒಳಗೆ ಸಿಗುವುದು ಮಗುವಿಗೆ ತಕ್ಕದ್ದೇ? ಮಗುವಿನ ಬದುಕಿಗೆ ತಕ್ಕಂತೆ ಶಾಲೆ ಬಾಗುತ್ತದೆಯೇ? ಮೊದಲನೆಯದರಲ್ಲಿ ನಿಮ್ಮ ಊರು ಪಾಸು. ಎರಡನೆಯದರಲ್ಲಿ ಜೂನ್ ಅಡ್ಡ ಬಂದಿದೆ. ಮೂರನೆಯದನ್ನು ಜನ ಗಮನಿಸುವುದೇ ಕಡಿಮೆ. ನಿಮ್ಮ ಮನೆಯ ಮಾತು ಲಂಬಾಣಿ, ಹುಡುಗಿ ಪುಣೆಯಲ್ಲಿ ಹಿಂದಿ, ಮರಾಠಿ ಕಲಿತು ಬಂದಿರುತ್ತಾಳೆ. ಕನ್ನಡ ಅವಳಿಗೆ ಎರಡನೇ ತರಗತಿಯಲ್ಲೇ ನಿಂತಿದೆ. ಅವಳು ದಡ್ಡಿಯಲ್ಲ, ಮೂರು ಭಾಷೆಗಳ ನಡುವೆ ಸಿಕ್ಕಿಕೊಂಡವಳು ಎಂಬುದನ್ನು ಶಿಕ್ಷಕರಿಗೆ ನೀವೇ ಹೇಳಿ. ನಾಲ್ಕನೆಯದಂತೂ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಹಳೆಯ ಹುಣ್ಣು. ಶಾಲೆಯ ವರ್ಷ ಜೂನ್‌ನಲ್ಲಿ ಹುಟ್ಟುತ್ತದೆ, ಗುಳೆಯ ವರ್ಷ ದೀಪಾವಳಿಯಾಚೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 52ರ ಆಸುಪಾಸಿನಲ್ಲಿತ್ತು, ರಾಜ್ಯದ್ದು ಶೇ 75 ದಾಟಿತ್ತು. ಈ ಅಂತರಕ್ಕೆ ಕಾರಣ ಜನರ ಅಸಡ್ಡೆ ಎನ್ನುವವರು ಈ ಎರಡು ಪಂಚಾಂಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿಲ್ಲ.

ಹೊರಗಿನವರ ಪುಸ್ತಕಗಳಲ್ಲಿ ಏನಿದೆ ಎಂದು ಕೇಳುತ್ತೀರೇನೋ. ಅಮೆರಿಕದ ಸುಪ್ರೀಂ ಕೋರ್ಟ್ 1973ರಲ್ಲಿ, ತನ್ನ ದೇಶದ ಸಂವಿಧಾನದಲ್ಲಿ ಶಿಕ್ಷಣ ಮೂಲಭೂತ ಹಕ್ಕಲ್ಲ ಎಂದುಬಿಟ್ಟಿತು. ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನೂ ಆ ದೇಶ ಇಂದಿಗೂ ಸ್ಥಿರೀಕರಿಸಿಲ್ಲ. ಅದೇ ಕೋರ್ಟ್ 1982ರಲ್ಲಿ, ಕಾಗದಪತ್ರವಿಲ್ಲದೆ ಗಡಿ ದಾಟಿ ಬಂದ ಕೂಲಿಗಳ ಮಕ್ಕಳಿಗೆ ಟೆಕ್ಸಾಸ್ ರಾಜ್ಯ ಉಚಿತ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಎಂದು ತೀರ್ಪು ಕೊಟ್ಟಿತು. ತಂದೆ ತಾಯಿಯ ಕಾಗದದ ತಪ್ಪಿಗೆ ಮಗುವಿಗೆ ಶಿಕ್ಷೆ ಬೇಡ ಎಂಬುದು ಅದರ ತಿರುಳು. ನಿಮ್ಮವರು ದಾಟಿದ್ದು ದೇಶದ ಗಡಿಯನ್ನೂ ಅಲ್ಲ, ಸೊಲ್ಲಾಪುರದ ದಾರಿಯನ್ನು. ದಕ್ಷಿಣ ಆಫ್ರಿಕಾದ ಲಿಂಪೊಪೊ ಪ್ರಾಂತ್ಯದಲ್ಲಿ 2012ರಲ್ಲಿ ತಿಂಗಳುಗಟ್ಟಲೆ ಪಠ್ಯಪುಸ್ತಕ ಬರದಿದ್ದಾಗ, ಪುಸ್ತಕವಿಲ್ಲದ ಶಾಲೆ ಶಿಕ್ಷಣದ ಹಕ್ಕಿನ ಉಲ್ಲಂಘನೆ ಎಂದು ಅಲ್ಲಿನ ಹೈಕೋರ್ಟ್ ಹೇಳಿತು. ಕೀನ್ಯಾ 2003ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕ ತೆಗೆದಾಗ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಹೊಸದಾಗಿ ಬಂದರು. ಮರುವರ್ಷ ಕಿಮಾನಿ ಮರುಗೆ ಎಂಬ 84 ವರ್ಷದ ಮುದುಕ ಸಮವಸ್ತ್ರ ತೊಟ್ಟು ಒಂದನೇ ತರಗತಿಗೆ ಬಂದು ಕೂತ. ಎಲ್ಲರಿಗೂ ಉಚಿತ ಎಂದಿದ್ದೀರಲ್ಲ ಎಂಬುದು ಅವನ ಲೆಕ್ಕ. ಅಫ್ಘಾನಿಸ್ತಾನದಲ್ಲಿ ಇದು ತಿರುವುಮುರುವು: 2021ರಿಂದ ಆರನೇ ತರಗತಿ ಮುಗಿಸಿದ ಹುಡುಗಿಯರಿಗೆ ಸರ್ಕಾರವೇ ಶಾಲೆ ಮುಚ್ಚಿದೆ, 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳನ್ನೂ ಮುಚ್ಚಿತು. ಅಲ್ಲಿ ದೂರು ಕೊಡಲು ಹೋಗುವ ಬಾಗಿಲೇ ಇಲ್ಲ. ಜಗತ್ತಿನಲ್ಲಿ ಶಾಲೆಯಿಂದ ಹೊರಗಿರುವ ಮಕ್ಕಳು ಮತ್ತು ಹದಿಹರೆಯದವರು ಸುಮಾರು 27 ಕೋಟಿ ಎಂದು ಯುನೆಸ್ಕೊ 2025ರಲ್ಲಿ ಲೆಕ್ಕ ಹಾಕಿತು.

ನಮ್ಮ ದೇಶದ ಪುಟ ತುಂಬಿದ್ದು ನಿಧಾನವಾಗಿ. ಗೋಖಲೆಯವರು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು 1911ರಲ್ಲೇ ತಂದಿದ್ದರು, ಅದು ಬಿದ್ದುಹೋಯಿತು. ಸಂವಿಧಾನದ 45ನೇ ವಿಧಿ, ಹತ್ತು ವರ್ಷಗಳೊಳಗೆ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ಕೊಡಲು ಸರ್ಕಾರ ಪ್ರಯತ್ನಿಸಬೇಕು ಎಂದಿತು. ‘ಪ್ರಯತ್ನಿಸಬೇಕು’ ಎಂಬ ಉದ್ದರಿ ಎಷ್ಟು ವಸೂಲಾಗುತ್ತದೆ ಎಂದು ನಿಮಗೆ ಗೊತ್ತು. 1960 ಬಂತು, ಹೋಯಿತು. ಕೊನೆಗೆ ಬೀಗ ತೆಗೆದದ್ದು ನಮ್ಮ ರಾಜ್ಯದಿಂದಲೇ ಹೋದ ಒಂದು ಮೊಕದ್ದಮೆ. ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜೊಂದು ವರ್ಷಕ್ಕೆ 60,000 ರೂಪಾಯಿ ಕೇಳಿತೆಂದು ಮೀರತ್‌ನ ಮೋಹಿನಿ ಜೈನ್ ಸುಪ್ರೀಂ ಕೋರ್ಟ್‌ಗೆ ಹೋದರು. ಶಿಕ್ಷಣ ಜೀವಿಸುವ ಹಕ್ಕಿನೊಳಗೇ ಇದೆ ಎಂದು 1992ರಲ್ಲಿ ಕೋರ್ಟ್ ಹೇಳಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅದನ್ನು ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಸೀಮಿತಗೊಳಿಸಿ ಗಟ್ಟಿ ಮಾಡಿತು. ಡಾಕ್ಟರ್ ಸೀಟಿನ ಜಗಳ ತಾಂಡಾದ ಮಕ್ಕಳ ಅ ಆ ಇ ಈಗೆ ದಾರಿ ಮಾಡಿಕೊಟ್ಟಿತು! 2002ರ ತಿದ್ದುಪಡಿಯಿಂದ, ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿದ 21ಎ ವಿಧಿ ಬಂತು, ಅದರ ಹಿಂದೆ 2009ರ ಕಾಯ್ದೆ. ಕೊಡಬೇಕಾದವರ ಹೆಸರು ಪುಟದಲ್ಲಿ ಬಿದ್ದದ್ದು ಆಗ: ಸರ್ಕಾರ ಮತ್ತು ಸ್ಥಳೀಯ ಪ್ರಾಧಿಕಾರ. ಆದ್ದರಿಂದ ಹಕ್ಕು ಯಾವ ಊರಿನಲ್ಲಿದೆ ಎಂದರೆ, ನಿಮ್ಮ ಗ್ರಾಮ ಪಂಚಾಯಿತಿಯಲ್ಲೂ ಚಿತ್ತಾಪುರದ ಕ್ಷೇತ್ರ ಶಿಕ್ಷಣಾಧಿಕಾರಿಯವರ ಕಚೇರಿಯಲ್ಲೂ ಇದೆ.

ಈಗ ತರಗತಿಯ ವಿಷಯ. ಇದು ದಾಖಲಾತಿಗಿಂತ ಕಷ್ಟದ್ದು. ಹನ್ನೆರಡು ವರ್ಷದ ಹುಡುಗಿಯನ್ನು ಮೂರನೇ ತರಗತಿಯ ಮಕ್ಕಳ ನಡುವೆ ಕೂರಿಸಿದರೆ ಅವಳು ಹದಿನೈದು ದಿನವೂ ನಿಲ್ಲುವುದಿಲ್ಲ. ನಾಲ್ಕನೇ ಕಲಂ ಹೇಳುವುದು, ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು ಎಂದು. ಅವಳ ಲೆಕ್ಕಕ್ಕೆ ಅದು ಆರು ಅಥವಾ ಏಳನೇ ತರಗತಿ. ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಪಡೆಯುವುದೂ ಅವಳ ಹಕ್ಕು. ಮಾದರಿ ನಿಯಮಗಳ ಪ್ರಕಾರ ಅದು ಕನಿಷ್ಠ ಮೂರು ತಿಂಗಳು, ಹೆಚ್ಚೆಂದರೆ ಎರಡು ವರ್ಷ. ಹದಿನಾಲ್ಕು ತುಂಬಿತೆಂದು ನಡುವೆ ಕಳುಹಿಸಿಬಿಡುವಂತಿಲ್ಲ. ಎಂಟನೇ ತರಗತಿ ಮುಗಿಯುವವರೆಗೂ ಉಚಿತ ಶಿಕ್ಷಣ ನಡೆಯಬೇಕು. ಈ ತರಬೇತಿ ಕಾಗದದ ಮೇಲೆ ನಡೆದು ಮಗು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿರುವುದೇ ಹೆಚ್ಚು. ವಾರಕ್ಕೊಮ್ಮೆ ಅವಳ ನೋಟ್‌ಬುಕ್ ತೆರೆದು ನೋಡಿ. ಸಂಜೆ ಅಂಗಡಿಯಲ್ಲಿ ಚೀಟಿ ಬರೆಯಲು, ಸಾಮಾನಿನ ಲೆಕ್ಕ ಕೂಡಿಸಲು ಅವಳನ್ನು ಅರ್ಧ ಗಂಟೆ ಕೂರಿಸಿ. ಅರ್ಧ ಗಂಟೆ ಮಾತ್ರ, ಇಡೀ ಸಂಜೆಯಲ್ಲ.

ಗುಳೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಜನವರಿಯಲ್ಲಿ ಅಕ್ಕ ಬಂದು, ಚಿಕ್ಕ ಮಗುವನ್ನು ನೋಡಿಕೊಳ್ಳಲು ಇವಳು ಬೇಕು ಎಂದು ಕೇಳುವ ದಿನ ಬರುತ್ತದೆ. ಆ ದಿನಕ್ಕೆ ಈಗಲೇ ಸಿದ್ಧರಾಗಿ. ತಾಲ್ಲೂಕಿನಲ್ಲಿ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದಲ್ಲಿ ಜಾಗ ಇದೆಯೇ, ಗುಳೆ ಹೋದವರ ಮಕ್ಕಳಿಗೆ ಹಂಗಾಮಿ ವಸತಿ ವ್ಯವಸ್ಥೆ ಇದೆಯೇ ಎಂದು ಕ್ಷೇತ್ರ ಶಿಕ್ಷಣಾಧಿಕಾರಿಯವರ ಕಚೇರಿಯಲ್ಲಿ ಕೇಳಿ. ಆರನೇ ತರಗತಿಯಿಂದ ಮೇಲಿನ ಹೆಣ್ಣುಮಕ್ಕಳು ಅಲ್ಲೇ ಉಳಿದು ಓದಲೆಂದೇ ಕಸ್ತೂರಬಾ ಶಾಲೆಗಳಿವೆ. ಹಾಗೂ ಹೀಗೂ ಅವಳು ಪುಣೆಗೆ ಹೋಗುವುದೇ ಆದರೆ, ಟಿಸಿ ಕೈಯಲ್ಲಿ ಹಿಡಿದು ಹೋಗಲಿ. ಅಲ್ಲಿಯೂ ಇದೇ ಕಾಯ್ದೆ. ವಲಸೆ ಬಂದ ಕುಟುಂಬಗಳ ಮಕ್ಕಳನ್ನು ಸೇರಿಸಿಕೊಳ್ಳುವುದು ಅಲ್ಲಿನ ಸ್ಥಳೀಯ ಪ್ರಾಧಿಕಾರದ ಕರ್ತವ್ಯ ಎಂದು ಒಂಬತ್ತನೇ ಕಲಂ ಹೆಸರಿಟ್ಟೇ ಹೇಳಿದೆ. ನನ್ನ ಮಾತು ಕೇಳುವುದಾದರೆ ಕಳುಹಿಸಬೇಡಿ. ಭಾಷೆ ಮತ್ತೊಮ್ಮೆ ಬದಲಾದರೆ ಈ ವಯಸ್ಸಿನಲ್ಲಿ ಮರಳಿ ಹಳಿಗೆ ಬರುವುದು ಕಷ್ಟ.

ಅರ್ಜಿ ಒಂದು ಪುಟ ಸಾಕು. ಹುಡುಗಿಯ ಹೆಸರು, ವಯಸ್ಸು, ಹಿಂದೆ ಓದಿದ ಶಾಲೆ, ನೀವು ಸೋದರಮಾವ, ಅವಳು ಈಗ ನಿಮ್ಮ ಮನೆಯಲ್ಲಿದ್ದಾಳೆ ಎಂಬುದು, ಶಾಲೆಗೆ ಹೋದ ದಿನಾಂಕ, ಅಲ್ಲಿ ಹೇಳಿದ ಕಾರಣ. ಕೊನೆಯಲ್ಲಿ 4, 5, 14 ಮತ್ತು 15ನೇ ಕಲಂಗಳ ಪ್ರಕಾರ ದಾಖಲಾತಿಯನ್ನೂ ವಿಶೇಷ ತರಬೇತಿಯನ್ನೂ ಕೋರುತ್ತೇನೆ ಎಂದು ಬರೆಯಿರಿ. ಅಕ್ಕನ ಸಹಿ ಅಥವಾ ಹೆಬ್ಬೆಟ್ಟು ಇರುವ ಒಪ್ಪಿಗೆಯ ಕಾಗದವೊಂದನ್ನು ಜೊತೆಗಿಡಿ. ಮೊದಲ ಪ್ರತಿ ಶಾಲೆಗೆ. ಒಂದು ವಾರದಲ್ಲಿ ಆಗದಿದ್ದರೆ ಅದೇ ಕಾಗದ ಗ್ರಾಮ ಪಂಚಾಯಿತಿಗೂ ಕ್ಷೇತ್ರ ಶಿಕ್ಷಣಾಧಿಕಾರಿಯವರಿಗೂ, 32ನೇ ಕಲಂ ಪ್ರಕಾರದ ದೂರು ಎಂಬ ತಲೆಬರಹದೊಂದಿಗೆ. ಅವರು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಅದು ಸಮಾಧಾನವಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕಾದ್ದರಿಂದ ಅಲ್ಲಿ ನಿಮ್ಮ ತಾಂಡಾದವರು ಯಾರಿದ್ದಾರೆ ನೋಡಿ, ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ವಕೀಲರ ಶುಲ್ಕದ ಚಿಂತೆ ಬೇಡ. ಮಕ್ಕಳಿಗೂ ಪರಿಶಿಷ್ಟರಿಗೂ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ನೆರವು ಉಚಿತ. ತುರ್ತಿಗೆ ಮಕ್ಕಳ ಸಹಾಯವಾಣಿ 1098.

ಈ ಮೆಟ್ಟಿಲುಗಳಲ್ಲಿ ಎರಡನೆಯದನ್ನೂ ನೀವು ಹತ್ತಬೇಕಾಗಲಿಕ್ಕಿಲ್ಲ. ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಹೋಗಿ, ಹುಡುಗಿಯೂ ಜೊತೆಗಿರಲಿ, ಅವಳ ಕೈಯಲ್ಲಿ ಒಂದು ನೋಟ್‌ಬುಕ್ ಇರಲಿ. ಸ್ವೀಕೃತಿಯ ಮುದ್ರೆ ಬಿದ್ದ ದಿನಾಂಕವನ್ನು ನನಗೆ ಬರೆದು ತಿಳಿಸಿ.